ಬೊಂಬೆಬಾಣೆಯ ಮಳೆಗಾಲ

ನಮ್ಮ ಮನೆಯ ಎದುರಿನ ಜಾಗದಲ್ಲಿ ಯಾರೋ ಹೊಸ ಮನೆಗೆ ಅಡಿಪಾಯ ಹಾಕಿಸುತ್ತಿದ್ದಾರೆ. ಕಳೆದ ವಾರ ಕಲ್ಲು ಕೆತ್ತುವವರು ಬಂದರು. ಎರಡು ದಿನ ಬರೀ ಉಳಿಯ ಸದ್ದು; ಏನೂ ಅನ್ನಿಸಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಒಂದು ಮಳೆ ಹೊಡೆಯಿತು. ನೆನೆದ ಕಲ್ಲುಪುಡಿಯ ತಣ್ಣನೆಯ ವಾಸನೆ ಕಿಟಕಿಯಿಂದ ಒಳಗೆ ಬಂದದ್ದೇ ತಡ, ನನ್ನ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. ಮೊಮ್ಮಗಳು ನೋಡಿ, "ಹೊಟ್ಟೆನೋವಾ ಅಜ್ಜಿ?" ಎಂದಳು. "ಅಲ್ಲ, ಆ ಕಿಟಕಿ ಹಾಕು" ಎಂದೆ. ಮುದುಕಿಯಾದ ಮೇಲೂ ಆ ಒಂದು ವಾಸನೆಗೆ ನನ್ನ ಎದೆ ಹೊಡೆದುಕೊಳ್ಳುತ್ತದೆ.

ಆಗ ನನಗೆ ಇಪ್ಪತ್ತು. ಕೊಡಗು ಬ್ರಿಟಿಷರ ಕೈಯಲ್ಲಿದ್ದ ಕಾಲ. ಹುಟ್ಟಿದ್ದು ಕರಿಕೆಯಲ್ಲಿ, ಮದುವೆಯಾಗಿ ಬಂದದ್ದು ಸುಂಟಿಕೊಪ್ಪದಿಂದ ಮೂರು ಮೈಲಿ ಒಳಗಿನ ಒಂದು ಕಾಫಿ ಎಸ್ಟೇಟಿಗೆ. ನಮ್ಮವರು, ಪೂವಯ್ಯ ಅಂತ ಹೆಸರು, ಅಲ್ಲಿ ರೈಟರು. ಆಳುಗಳ ಹಾಜರಿ ಬರೆಯುವುದು, ದೊರೆ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಮೇಸ್ತ್ರಿಗೆ ಕನ್ನಡದಲ್ಲಿ ತಿಳಿಸುವುದು, ಮೇಸ್ತ್ರಿ ಹೇಳಿದ್ದನ್ನು ದೊರೆಗೆ ಇಂಗ್ಲಿಷಿನಲ್ಲಿ ಹೇಳುವುದು ಅವರ ಕೆಲಸ. ಕೂಲಿಯವರ ಲೈನುಗಳಿಗೂ ಬಂಗಲೆಗೂ ನಡುವೆ ನಮಗೊಂದು ಸಣ್ಣ ಹೆಂಚಿನ ಮನೆ ಕೊಟ್ಟಿದ್ದರು. ಅಲ್ಲಿ ನಾನು ದಿನವಿಡೀ ಒಬ್ಬಳೇ.

ದೊರೆಯ ಹೆಂಡತಿಗೆ ಚಿತ್ರ, ಬೊಂಬೆಗಳ ಹುಚ್ಚು. ಸೀಮೆಯಿಂದ ಪೆಟ್ಟಿಗೆಗಟ್ಟಲೆ ತರಿಸಿದ ಚಿತ್ರಗಳು ಬಂಗಲೆಯ ಗೋಡೆಯ ತುಂಬ ಇದ್ದವು. ಒಂದರಲ್ಲಿ ಹೆಂಗಸಿನ ಎರಡು ಕಣ್ಣೂ ಮೂಗಿನ ಒಂದೇ ಪಕ್ಕಕ್ಕೆ. ಇನ್ನೊಂದರಲ್ಲಿ ನೀಲಿ ಬಣ್ಣದ ಕುದುರೆ. ಮತ್ತೊಂದರಲ್ಲಿ ಏನೆಂದರೆ ಏನೂ ಇಲ್ಲ, ಕೆಂಪು ಕಪ್ಪು ಚೌಕಗಳು ಅಷ್ಟೆ. ಮಳೆಗಾಲದಲ್ಲಿ ಬೂಷ್ಟು ಹಿಡಿಯಬಾರದೆಂದು ಆ ಕೋಣೆಯಲ್ಲಿ ಹಗಲಿಡೀ ಅಗ್ಗಿಷ್ಟಿಕೆ ಉರಿಯುತ್ತಿತ್ತು. "ಲೈನಿನ ಮಕ್ಕಳಿಗೆ ಚಳಿ ಕಾಯಿಸ್ಲಿಕ್ಕೆ ಕೆಂಡ ಇಲ್ಲ, ಪಟಕ್ಕೆ ಉಂಟು" ಎಂದು ಮೇಸ್ತ್ರಿ ತನಿಯ ಗೊಣಗುತ್ತಿದ್ದ.

ಬಂಗಲೆಯ ಹಿಂದೆ ತೋಟಕ್ಕೆ ಸೇರಿದ ದೊಡ್ಡ ಹುಲ್ಲುಗುಡ್ಡ ಇತ್ತು. ಅಂಥದ್ದಕ್ಕೆ ನಮ್ಮಲ್ಲಿ ಬಾಣೆ ಎನ್ನುತ್ತಾರೆ. ದೊರೆಸಾನಿಗೆ ಆ ಬಾಣೆಯ ತುಂಬ ಕಲ್ಲಿನ ಬೊಂಬೆಗಳನ್ನು ನಿಲ್ಲಿಸುವ ಆಸೆ. ಮೇಲೆ ಸೂರು ಇರಬಾರದು, ಬಿಸಿಲು ಮಳೆ ಮಂಜು ಎಲ್ಲ ಅವಕ್ಕೆ ತಾಗಬೇಕು, ಜನ ಅವುಗಳ ನಡುವೆ ತಿರುಗಾಡಿ ನೋಡಬೇಕು. ಅದಕ್ಕೆಂದೇ ಎಲ್ಸಾ ಎಂಬ ಹೆಂಗಸನ್ನು ಕರೆಸಿಕೊಂಡಿದ್ದರು. ಜರ್ಮನಿಯವಳು. ಅಲ್ಲಿ ಅವಳ ಜನರನ್ನು ಹಿಡಿದು ಹಿಂಸೆ ಮಾಡುತ್ತಾರಂತೆ, ತಪ್ಪಿಸಿಕೊಂಡು ಬಂದವಳಂತೆ ಎಂದು ನಮ್ಮವರು ಹೇಳಿದ್ದರು. ನಲವತ್ತರ ಆಸುಪಾಸು, ಎತ್ತರದ ಆಳು, ಗಂಡಸರ ಹಾಗೆ ಷರಾಯಿ, ತಲೆಗೆ ಕಟ್ಟಿದ ಚೌಕವಸ್ತ್ರ, ರೆಪ್ಪೆಯವರೆಗೆ ಕಲ್ಲಿನ ಪುಡಿ. ಎದುರಿಗೆ ಎಲ್ಲರೂ ಎಲ್ಸಮ್ಮ ಎನ್ನುತ್ತಿದ್ದರು, ಹಿಂದಿನಿಂದ ಕಲ್ಲಮ್ಮ. ಹಾಸನದ ಕಡೆಯಿಂದ ಗಾಡಿಗಳಲ್ಲಿ ಬಳಪದ ಕಲ್ಲು ಬರುತ್ತಿತ್ತು. ಬಾಣೆಯ ತುದಿಯಲ್ಲಿ ಹುಲ್ಲಿನ ಜೋಪಡಿ ಕಟ್ಟಿಕೊಂಡು, ಇಬ್ಬರು ಕಲ್ಲುಕೆಲಸದವರನ್ನು ಇಟ್ಟುಕೊಂಡು ಅವಳು ಬೆಳಗಿನಿಂದ ಸಂಜೆಯವರೆಗೆ ಕೆತ್ತುತ್ತಿದ್ದಳು. ಎರಡು ವರ್ಷದಲ್ಲಿ ಹತ್ತು ಹನ್ನೆರಡು ಬೊಂಬೆ ನಿಂತವು. ಜನರ ಬಾಯಲ್ಲಿ ಅದು ಬೊಂಬೆಬಾಣೆ ಆಯಿತು.

ಆ ವರ್ಷ ಕಾಫಿ ಹೂ ಬಿಟ್ಟ ಸಮಯದಲ್ಲಿ ದೊರೆಸಾನಿ ಸೀಮೆಗೆ ಹೋದರು. ನಾನು ಆಗ ಮೂರು ತಿಂಗಳ ಬಸುರಿ. ಅದಾಗಿ ಸ್ವಲ್ಪ ದಿನಕ್ಕೆ, ನಾನು ಮನೆಯ ಹಿಂದೆ ಬಟ್ಟೆ ಹರವುತ್ತಿದ್ದಾಗ ಎಲ್ಸಮ್ಮ ಬಾಣೆಯಿಂದ ಇಳಿದು ಬಂದವಳು ನಿಂತುಬಿಟ್ಟಳು. ಒಂದಷ್ಟು ಹೊತ್ತು ನನ್ನನ್ನೇ ನೋಡಿ ಹೋದಳು. ಸಂಜೆ ನಮ್ಮವರು ಬಂದು, "ಆ ಎಲ್ಸಮ್ಮ ನಿನ್ನ ನೋಡಿ ಕಲ್ಲಲ್ಲಿ ಮಾಡ್ಬೇಕಂತ ಕೇಳ್ತಾಳೆ. ಸುಮ್ನೆ ಕೂತ್ರೆ ಸಾಕಂತೆ. ಬೇಡ ಅಂದ್ರೆ ಬೇಡ ಅಂತೇನೆ" ಎಂದರು. ಅವರಿಗೆ ಮನಸ್ಸಿರಲಿಲ್ಲ. ಹೋಗುತ್ತೇನೆ ಎಂದವಳು ನಾನೇ. ನಿಜ ಹೇಳುತ್ತೇನೆ, ನನಗೆ ಖುಷಿಯಾಗಿತ್ತು. ನನ್ನನ್ನು ಅಷ್ಟು ಹೊತ್ತು ಯಾರೂ ನೋಡಿರಲಿಲ್ಲ. ವಾರಕ್ಕೆ ಎರಡು ಮೂರು ದಿನ ಜೋಪಡಿಯಲ್ಲಿ ಬೆತ್ತದ ಕುರ್ಚಿಯ ಮೇಲೆ, ಹೊಟ್ಟೆಯ ಮೇಲೆ ಎರಡು ಕೈಯಿಟ್ಟು ಕೂರುವುದು. ಅವಳು ಚಹಾ ಕೊಡುತ್ತಿದ್ದಳು, ಬಿಸ್ಕೆಟ್ಟು ಕೊಡುತ್ತಿದ್ದಳು. ನನ್ನಿಂದ ಒಂದೊಂದೇ ಕನ್ನಡ ಮಾತು ಕಲಿತಳು. ಕೂರು, ಏಳು, ಮಳೆ, ಹೊಟ್ಟೆ, ಸಾಕು. ಏನೇ ತಪ್ಪಾಡಿದರೂ ಮೊದಲು ತಾನೇ ನಗುತ್ತಿದ್ದಳು.

ಜೂನಿನಲ್ಲಿ ಮಳೆ ಹಿಡಿಯಿತು. ಹಿಡಿದ ಮೊದಲ ವಾರದಲ್ಲೇ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಯ ಕಾವಲುಗಾರ ಬೀರಜ್ಜ ಜ್ವರದಲ್ಲಿ ತೀರಿಕೊಂಡ. ಜ್ವರ ನೆತ್ತಿಗೇರಿ ಮೂರು ದಿನ ಯಾರ ಗುರುತೂ ಇರಲಿಲ್ಲ. ಎಲ್ಸಮ್ಮ ಬೇಸಿಗೆಯಲ್ಲಿ ಅವನ ತಲೆಯನ್ನು ಕೆತ್ತಿ, ಲೈನಿನಿಂದ ತೋಟಕ್ಕೆ ಹೋಗುವ ದಾರಿಯ ಪಕ್ಕದಲ್ಲೇ ನಿಲ್ಲಿಸಿದ್ದಳು. ಕುತ್ತಿಗೆಯಿಂದ ಕೆಳಗೆ ಏನೂ ಇಲ್ಲದ, ನನ್ನ ಎದೆಯಷ್ಟು ಎತ್ತರದ ತಲೆ. ಕಣ್ಣಿನ ಜಾಗದಲ್ಲಿ ಎರಡು ಗುಳಿ. ಮಳೆ ಬಂದಾಗ ಗುಳಿ ತುಂಬಿ ಕೆನ್ನೆಯ ಮೇಲೆ ನೀರು ಹರಿಯುತ್ತಿತ್ತು. ಬೀರಜ್ಜನನ್ನು ಮಣ್ಣು ಮಾಡಿದ ಮರುದಿನದಿಂದ ಹೆಂಗಸರು ಬಾಣೆಯ ದಾರಿ ಬಿಟ್ಟು, ಹೊಳೆಯ ಬದಿಯಿಂದ ಸುತ್ತಿ ಕೆಲಸಕ್ಕೆ ಹೋಗತೊಡಗಿದರು. ಎಲ್ಸಮ್ಮ ಮಣ್ಣು ಮಾಡುವಲ್ಲಿಗೆ ಬಂದಿದ್ದಳು. ದೂರದಲ್ಲಿ ಮಳೆಯಲ್ಲಿ ನೆನೆಯುತ್ತ ನಿಂತಿದ್ದಳು. ಅದನ್ನೂ ಜನ ಸರಿಯಾಗಿ ತಗೊಳ್ಳಲಿಲ್ಲ.

ಜುಲೈಯಲ್ಲಿ ಲಚ್ಚಿಯದಾಯಿತು. ಲಚ್ಚಿ ನನ್ನದೇ ಪ್ರಾಯದವಳು, ಕಾಫಿ ಹಣ್ಣು ಕೀಳುವುದರಲ್ಲಿ ಅವಳ ಕೈಗೆ ಸಮನಿಲ್ಲ ಎಂದು ಹೆಸರು. ಎಲ್ಸಮ್ಮ ಅವಳ ಬಲಗೈಯನ್ನು ಆಳುದ್ದ ಕೆತ್ತಿದ್ದಳು. ನೆಲದಿಂದ ಎದ್ದು ಆಕಾಶ ಹಿಡಿಯಲು ಹೊರಟ ಹಾಗೆ. ಗಿಡ ಸವರುವಾಗ ಕತ್ತಿ ಜಾರಿ ಲಚ್ಚಿಯ ಅದೇ ಕೈಗೆ ಬಿತ್ತು. ಅವಳು ಅರಸಿನ ಹಚ್ಚಿ ಸುಮ್ಮನಿದ್ದಳು. ಕೆಸರಿನಲ್ಲಿ ಗಾಯ ಕೆಟ್ಟು, ಕೈ ಬಾತು, ಕೊನೆಗೆ ಮಡಿಕೇರಿಯಲ್ಲಿ ಎರಡು ಬೆರಳು ತೆಗೆದರು.

ಅವಳು ಕೈಗೆ ಬಟ್ಟೆ ಸುತ್ತಿಕೊಂಡು ವಾಪಸು ಬಂದ ದಿನ ಮೇಸ್ತ್ರಿ ತನಿಯ ನಮ್ಮ ಜಗಲಿಯ ಹತ್ತಿರ ಬಂದ. ಕಂಬಳಿಕೊಪ್ಪೆ ತೆಗೆಯಲೂ ಇಲ್ಲ.

"ಅಮ್ಮಾ, ಇನ್ನು ನೀವು ಮೇಲೆ ಹೋಗ್ಬೇಡಿ. ಬೀರನ ತಲೆ ಕೆತ್ತಿದ್ರು, ಜ್ವರ ತಲೆಗೇ ಏರ್ತು. ಲಚ್ಚಿದು ಕೈ ಕೆತ್ತಿದ್ರು, ಕೈಯೇ ಹೋಯ್ತು. ನಿಮ್ದು ಎಂತ ಕೆತ್ತೋದು ಅಂತ ನಂಗೆ ಗೊತ್ತುಂಟು. ಬಾಯಲ್ಲಿ ಹೇಳ್ಲಿಕ್ಕೆ ಆಗೂದಿಲ್ಲ ನಂಗೆ."

ನಮ್ಮವರು ಬೈದು ಕಳಿಸಿದರು. "ಜ್ವರ ಪ್ರತಿ ಮಳೆಗಾಲದಲ್ಲೂ ಬರ್ತದೆ. ಕತ್ತಿ ಹಿಡಿದವರ ಕೈ ಕುಯ್ಯೋದು ಹೊಸ್ತಾ?" ಎಂದರು. ಆದರೆ ಅವರು ಅಂದಿನಿಂದ ಎಲ್ಸಮ್ಮನ ಹೆಸರೆತ್ತುವುದನ್ನು ಬಿಟ್ಟರು. ನಾನೂ ಮೈ ಸರಿಯಿಲ್ಲ ಎಂದು ಹೇಳಿ ಕಳಿಸಿ ಹೋಗುವುದು ನಿಲ್ಲಿಸಿದೆ. ಏಳನೆಯ ತಿಂಗಳಿಗೆ ತವರಿಗೆ ಹೋಗಬೇಕಿತ್ತು. ಭಾಗಮಂಡಲದಿಂದ ಆಚೆ ಕರಿಕೆಯ ದಾರಿ ಎರಡು ಕಡೆ ಜರಿದಿದೆ, ಬಸುರಿಯನ್ನು ಹೊತ್ತು ತರುವುದೂ ಆಗದು ಎಂದು ಅಪ್ಪನ ಕಾಗದ ಬಂತು. ಅಮ್ಮನಿಲ್ಲದ ಹೆರಿಗೆ ಅಂತ ಅವತ್ತೇ ತಿಳಿಯಿತು. ಹೊರಗೆ ನೋಡಿದರೆ ಮಧ್ಯಾಹ್ನವೂ ಮಬ್ಬು. ಮಂಜು ಸರಿದಾಗ ನಮ್ಮ ಅಡುಗೆಮನೆಯ ಕಿಟಕಿಯಿಂದ ಬಾಣೆಯ ಮೇಲಿನ ಆ ಕಲ್ಲಿನ ಕೈ ಕಾಣುತ್ತಿತ್ತು. ಸರಿಯುವ ಮೊದಲು ಅದು ಎಲ್ಲೋ ಬೇರೆ ಕಡೆ ಇದ್ದು, ಈಗಷ್ಟೆ ಬಂದು ನಿಂತ ಹಾಗೆ ಅನ್ನಿಸುತ್ತಿತ್ತು. ಕಿಟಕಿಗೆ ಗೋಣಿ ಕಟ್ಟಿದೆ.

ಆಗಸ್ಟಿನ ನಡುವೆ ಒಂದು ಬೆಳಿಗ್ಗೆ ಎಲ್ಸಮ್ಮನೇ ಬಂದಳು. ಮಳೆ ಸ್ವಲ್ಪ ಹೊಳವಾಗಿತ್ತು.

"ದೇವಕಿ, ಬಾ. ಮುಗೀತು. ನೋಡು" ಎಂದು ಕೈ ಹಿಡಿದಳು. ಮಕ್ಕಳ ಹಾಗೆ ಮುಖ ಅರಳಿತ್ತು. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ನೋಡದೆ ಹೆದರುವುದಕ್ಕಿಂತ ನೋಡಿಬಿಡುವುದು ಮೇಲು ಎಂದು ಒಳಗೊಳಗೆ ಅನ್ನಿಸಿರಲೂಬಹುದು. ಹತ್ತಿದೆ.

ಕಲ್ಲು ಬಾಣೆಯ ನೆತ್ತಿಯ ಮೇಲೆ ನಿಂತಿತ್ತು. ನನ್ನಷ್ಟೇ ಎತ್ತರ. ಮುಖ ಎಂದು ಹೇಳಲು ಕಣ್ಣುಮೂಗು ಇರಲಿಲ್ಲ. ಆದರೂ ತಲೆ ಬಗ್ಗಿಸಿದ ರೀತಿ ನನ್ನದೇ, ಭುಜ ನನ್ನದೇ. ಎರಡು ಕೈ ಹೊಟ್ಟೆಯ ಮೇಲಿದ್ದವು. ಆ ಕೈಗಳ ನಡುವೆ, ಹೊಟ್ಟೆ ಇರಬೇಕಾದಲ್ಲಿ, ಒಂದು ತೂತು. ಈ ಬದಿಯಿಂದ ಆ ಬದಿಗೆ ಕೊರೆದು ನಯ ಮಾಡಿದ ದೊಡ್ಡ ತೂತು. ಅದರೊಳಗಿಂದ ಆಚೆಯ ಮಂಜು ಕಾಣುತ್ತಿತ್ತು.

ನಾನು ಕೂಗಿದೆನೋ ಇಲ್ಲವೋ ನೆನಪಿಲ್ಲ. ಓಡಿದ್ದು ನೆನಪಿದೆ. ಎಂಟು ತಿಂಗಳ ಬಸುರಿ, ಜಾರುವ ಹುಲ್ಲಿನ ಮೇಲೆ ಎರಡು ಸಲ ಮೊಣಕಾಲೂರಿ ಬಿದ್ದು ಎದ್ದೆ. ಹಿಂದಿನಿಂದ ಅವಳು ನನ್ನ ಹೆಸರು ಕೂಗುತ್ತ ಬರುತ್ತಿದ್ದಳು. ಮನೆಗೆ ಬಂದು ಅಗುಳಿ ಹಾಕಿಕೊಂಡೆ. ಅವಳು ಬಾಗಿಲು ಬಡಿದು ಬಡಿದು, "ದೇವಕಿ, ಎಂತ ಆಯ್ತು? ಎಂತ?" ಎಂದು ಕೇಳಿ ಹೋದಳು.

ಅವತ್ತು ಮಗು ಆಡಲಿಲ್ಲ. ಬೆಳಿಗ್ಗೆ ಗಂಜಿ ಕುಡಿದ ಮೇಲೆ ತಪ್ಪದೆ ಒದೆಯುತ್ತಿದ್ದದ್ದು ಸಂಜೆಯವರೆಗೆ ಒಮ್ಮೆಯೂ ಮಿಸುಕಲಿಲ್ಲ. ನಮ್ಮವರು ಲೈನಿನ ಸೂಲಗಿತ್ತಿ ಕುಂಞಮ್ಮನನ್ನು ಕರೆತಂದರು. ಮಾಕುಟ್ಟದ ಆಚೆಯ ಮಲಯಾಳದ ಮುದುಕಿ. ಹೊಟ್ಟೆಗೆ ಕಿವಿ ಕೊಟ್ಟು ಬಹಳ ಹೊತ್ತು ಕೇಳಿದಳು. "ಪೇಡಿಕ್ಕಂಡ ಮೋಳೇ, ಹೆದರ್ಬೇಡ ಮಗಳೇ, ಜೀವ ಉಂಟು, ಮಲಗಿದೆ ಅಷ್ಟೆ" ಎಂದಳು. ಆದರೆ ಹೊರಗೆ ಹೋಗುವಾಗ ನಮ್ಮವರೊಡನೆ ತಗ್ಗಿದ ದನಿಯಲ್ಲಿ ಏನೋ ಹೇಳಿದ್ದು ನನಗೆ ಕಾಣಿಸಿತು. ಮಾರನೆಯ ದಿನ ಮಗು ಆಡಿತು, ಆದರೆ ಮೊದಲಿನ ಹಾಗಲ್ಲ. ಪಕ್ಕೆಯಲ್ಲಿ ಎಲ್ಲೋ ಸಿಕ್ಕಿಕೊಂಡ ಹಾಗೆ.

ಅಲ್ಲಿಂದ ಮುಂದೆ ನನ್ನ ಲೆಕ್ಕಕ್ಕೆ ಹಗಲೆಂಬುದು ಮಗು ಒದೆಯುವುದನ್ನು ಕಾಯುವುದು ಅಷ್ಟೆ. ಅನ್ನ ಸೇರುತ್ತಿರಲಿಲ್ಲ. ಆ ಕಲ್ಲನ್ನು ನಾನು ನೋಡಿದ್ದು ಒಂದೇ ಸಲ, ಆದರೆ ಕಣ್ಣು ಮುಚ್ಚಿದರೆ ಅದೇ. ಲೈನಿನಲ್ಲೂ ಸುದ್ದಿ ಹಬ್ಬಿತು. ಬೊಂಬೆಗಳನ್ನು ಒಡೆದು ಹಾಕದಿದ್ದರೆ ಹಣ್ಣು ಕೀಳುವ ಪಿಕಿಂಗಿಗೆ ಒಬ್ಬರೂ ನಿಲ್ಲುವುದಿಲ್ಲ, ಎಲ್ಲರೂ ಗಂಟುಮೂಟೆ ಕಟ್ಟಿ ಘಟ್ಟ ಇಳಿಯುತ್ತೇವೆ ಎಂದು ತನಿಯ ಹೇಳಿದ. ಒಡೆದವರನ್ನು ಜೈಲಿಗೆ ಹಾಕಿಸುತ್ತೇನೆ ಎಂದು ದೊರೆ ಹೇಳಿದರು. ಎರಡು ಮಾತನ್ನೂ ಅತ್ತಿತ್ತ ಮುಟ್ಟಿಸಬೇಕಾದವರು ನಮ್ಮವರು. ಅವರ ಮುಖ ದಿನದಿನಕ್ಕೆ ಇಳಿಯಿತು.

ಸೆಪ್ಟೆಂಬರಿನ ಮೊದಲಲ್ಲಿ, ಕೈಲು ಮುಹೂರ್ತದ ಹಬ್ಬದ ಹೊತ್ತಿಗೆ ಯುದ್ಧದ ಸುದ್ದಿ ಬಂತು. ಬಂಗಲೆಯ ರೇಡಿಯೋದಲ್ಲಿ ಹೇಳಿದರಂತೆ, ಇಂಗ್ಲೆಂಡಿಗೂ ಜರ್ಮನಿಗೂ ಯುದ್ಧ. ಎಲ್ಲಿಯದೋ ಯುದ್ಧ, ನಮಗೇನು ಎಂದುಕೊಂಡಿದ್ದೆ. ಹತ್ತು ದಿನ ಕಳೆದು ಒಂದು ಮಧ್ಯಾಹ್ನ ಪೊಲೀಸ್ ಇನ್ಸ್‌ಪೆಕ್ಟರರೊಬ್ಬರು ಒಬ್ಬ ಕಾನ್‌ಸ್ಟೆಬಲನನ್ನು ಕರೆದುಕೊಂಡು ನಮ್ಮ ಜಗಲಿಗೆ ಬಂದರು. ಜೋಪಡಿಗೆ ಹೆಚ್ಚು ಹೋಗಿಬರುತ್ತಿದ್ದವಳು ನಾನು ಎಂದು ಯಾರೋ ಹೇಳಿದ್ದರು. ನಮ್ಮವರು ಕಣದಲ್ಲಿದ್ದರು. ಇನ್ಸ್‌ಪೆಕ್ಟರರು ಒಳ್ಳೆಯ ಮಾತಿನವರು. ನನ್ನ ಸ್ಥಿತಿ ನೋಡಿ, ಕೂತುಕೊಂಡೇ ಮಾತಾಡಮ್ಮ ಎಂದರು.

"ಆ ಜರ್ಮನ್ ಹೆಂಗಸು ಚಿತ್ರ ಬರೀತಾಳಂತಲ್ಲ. ಎಂಥೆಂಥದ್ದು?"

"ಮರ, ಗುಡ್ಡ, ಮನುಷ್ಯರು" ಎಂದೆ.

"ರಸ್ತೆ? ಸೇತುವೆ? ಅಂಥದ್ದೇನಾದ್ರೂ ಬರೆದದ್ದು ನೋಡಿದೀಯಾ?"

ನೋಡಿರಲಿಲ್ಲ. ಅವಳು ಚಿತ್ರ ಬರೆಯುತ್ತಿದ್ದ ಪುಸ್ತಕದ ಪ್ರತಿ ಹಾಳೆಯನ್ನೂ ಅವಳೇ ನನಗೆ ತೋರಿಸಿದ್ದಳು. ನನ್ನ ಕೈ, ಲಚ್ಚಿಯ ಕೈ, ಬೀರಜ್ಜ ಬೀಡಿ ಸೇದುವುದು, ಮಂಜಿನಲ್ಲಿ ಬಾಣೆ. ರಸ್ತೆ ಸೇತುವೆ ಒಂದೂ ಇರಲಿಲ್ಲ.

"ನೋಡಿದ್ರೆ ಏನ್ಮಾಡ್ತೀರಿ?" ಎಂದು ಕೇಳಿದೆ.

"ಇಲ್ಲಿಂದ ಕರ್ಕೊಂಡು ಹೋಗ್ತೇವೆ."

"ಆ ಕಲ್ಲುಗಳನ್ನು?"

ಅವರಿಗೆ ಅರ್ಥವಾಗಲಿಲ್ಲ. "ಅವಳೇ ಹೋದ್ಮೇಲೆ ಕಲ್ಲನ್ನ ಯಾರು ಇಟ್ಕೊಳ್ತಾರೆ?" ಎಂದರು.

ಅದೇ ಹೊತ್ತಿಗೆ ಹೊಟ್ಟೆಯೊಳಗೆ ಮಗು ಪಕ್ಕೆಗೆ ಒತ್ತಿತು. "ನೋಡಿದ್ದೇನೆ" ಎಂದೆ. "ಸೇತುವೆ ಬರೆದಿದ್ದಾಳೆ. ಸುಂಟಿಕೊಪ್ಪದ ರಸ್ತೇನೂ ಬರೆದಿದ್ದಾಳೆ."

ಕಾನ್‌ಸ್ಟೆಬಲ್ ಬರೆದುಕೊಂಡ. ನಾಲ್ಕನೇ ತರಗತಿ ಓದಿದವಳು ನಾನು. ಕೆಳಗೆ ದೇವಕಿ ಎಂದು ಸಹಿ ಹಾಕಿದೆ. ಅಕ್ಷರ ಚೆನ್ನಾಗಿದೆ ಎಂದು ಇನ್ಸ್‌ಪೆಕ್ಟರರು ಹೊಗಳಿದರು.

ಆ ಸಂಜೆ ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಂಡೆ. ಬೆಳಿಗ್ಗೆ ಎದ್ದಾಗ ಬೇರೆಯೇ ಹೆದರಿಕೆ ಬಂದು ಕೂತಿತ್ತು. ಅದು ಕಲ್ಲಿನದಲ್ಲ. ಅವಳನ್ನು ಏನು ಮಾಡುತ್ತಾರೆ? ಗುಂಡಿಕ್ಕುತ್ತಾರಾ? ಯುದ್ಧದಲ್ಲಿ ಹಾಗೆ ಮಾಡುತ್ತಾರೆ ಎಂದು ಕೇಳಿದ್ದೆ. ನಮ್ಮವರ ಹತ್ತಿರ ಹೇಳೋಣವೆಂದು ಬಾಯಿ ತೆರೆದೆ, ಆಗಲಿಲ್ಲ. ಅವರು ಅವತ್ತು ಬಂಗಲೆಗೆ ಹೋದವರು ಬಹಳ ಹೊತ್ತು ಬಿಟ್ಟು ಬಂದರು. ಊಟಕ್ಕೆ ಕೂತರೂ ಕೈ ತಟ್ಟೆಯಲ್ಲೇ ಇತ್ತು. "ಎಲ್ಸಮ್ಮ ಎಸ್ಟೇಟ್ ಗೇಟು ದಾಟ್ಬಾರ್ದು ಅಂತ ಮಾಡಿದಾರೆ" ಎಂದರು. "ದಾಟಿದ್ರೆ ಹಿಡೀತಾರೆ. ಇಲ್ಲೇ ಇದ್ರೆ ದೊರೆ ಮೇಲಿನವರಿಗೆ ಬರೆದು ಏನಾದ್ರೂ ಮಾಡ್ಬಹುದು." ನನ್ನನ್ನು ಏನೂ ಕೇಳಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ತಿಳಿದಿದೆಯೋ ಇಲ್ಲವೋ ನನಗೆ ಗೊತ್ತಾಗಲಿಲ್ಲ, ಕೇಳುವ ಧೈರ್ಯವಂತೂ ಇರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ ನೋವು ಶುರುವಾಯಿತು. ಮಳೆ ಮತ್ತೆ ತಿರುಗಿ ಬಿದ್ದು ಸೂರಿನ ನೀರು ನಿಂತೇ ಇರಲಿಲ್ಲ. ಕುಂಞಮ್ಮ ಹೊಟ್ಟೆ ಮುಟ್ಟಿ ನೋಡಿದಳು, ಮತ್ತೆ ನೋಡಿದಳು. ಅವಳ ಕೈ ನಿಂತಿತು.

"ಮಗು ಅಡ್ಡ ಉಂಟು. ನನ್ನ ಕೈಯಲ್ಲಿ ಆಗೂದಿಲ್ಲ. ಮಡಿಕೇರಿ ಆಸ್ಪತ್ರೆಗೆ ಹೋಗ್ಬೇಕು, ಈಗ್ಲೇ ಹೋಗ್ಬೇಕು" ಎಂದಳು.

ದೊರೆ ಕಾರು ತೆಗೆದುಕೊಂಡು ಮೈಸೂರಿಗೆ ಹೋಗಿದ್ದರು. ಉಳಿದದ್ದು ಕಾಫಿ ಮೂಟೆ ಸಾಗಿಸುವ ಲಾರಿ. ಅದರ ಡ್ರೈವರ್ ಊರಿಗೆ ಹೋದವನು ಬಂದಿರಲಿಲ್ಲ. ನಮ್ಮವರು ಮಳೆಯಲ್ಲೇ ಓಡಿದರು. ಕಾಲು ಗಂಟೆಯಲ್ಲಿ ಲಾರಿಯ ಸದ್ದು ಕೇಳಿತು. ತನಿಯ ಮತ್ತು ಇನ್ನಿಬ್ಬರು ನನ್ನನ್ನು ಕಂಬಳಿಯಲ್ಲಿ ಹೊತ್ತು ಹೊರಗೆ ತಂದರು. ಹಿಂದೆ ಟಾರ್ಪಾಲಿನ ಕೆಳಗೆ ಗೋಣಿ, ಒಣಹುಲ್ಲು ಹಾಸಿತ್ತು. ಏರಿಸುವಾಗ ತಲೆ ಎತ್ತಿ ನೋಡಿದೆ. ಸ್ಟೇರಿಂಗಿನ ಮುಂದೆ ಎಲ್ಸಮ್ಮ. ಅಲ್ಲಿ ಉಳಿದವರಲ್ಲಿ ಲಾರಿ ಓಡಿಸಲು ಬರುತ್ತಿದ್ದದ್ದು ಅವಳೊಬ್ಬಳಿಗೇ.

"ಬೇಡ" ಎಂದು ಕಿರುಚಿದೆ. "ಅವಳ ಜೊತೆ ಬೇಡ. ಇಲ್ಲೇ ಸಾಯ್ತೇನೆ, ಅವಳ ಜೊತೆ ಬೇಡ!"

ಯಾರೂ ಕೇಳಲಿಲ್ಲ. ಕಲ್ಲು ಒಡೆಯಬೇಕು ಎಂದಿದ್ದ ತನಿಯನೇ ಟಾರ್ಪಾಲಿನ ಹಗ್ಗ ಬಿಗಿದ. ಕುಂಞಮ್ಮ ನನ್ನ ಪಕ್ಕ ಕೂತಳು, ನಮ್ಮವರೂ ತನಿಯನೂ ಮುಂದೆ ಹತ್ತಿದರು, ಲಾರಿ ಹೊರಟಿತು. ಎಸ್ಟೇಟಿನ ಗೇಟಿನ ಹತ್ತಿರ ಒಂದು ಕ್ಷಣ ನಿಂತಿತು. ಎಂಜಿನ್ ಗುರುಗುಟ್ಟುತ್ತಲೇ ಇತ್ತು. ಆಮೇಲೆ ಗೇಟಿನ ಹಳಿಯ ಮೇಲೆ ಚಕ್ರ ಹಾದುಹೋದದ್ದು ನನ್ನ ಬೆನ್ನಿಗೆ ತಿಳಿಯಿತು.

ಆ ದಾರಿ ಎಷ್ಟು ಹೊತ್ತು ಹಿಡಿಯಿತೋ ಹೇಳಲಾರೆ. ಬೋಯಿಕೇರಿ ದಾಟಿದ ಮೇಲೆ ಒಂದು ತಿರುವಿನಲ್ಲಿ ಗುಡ್ಡ ಜರಿದು ಅರ್ಧ ರಸ್ತೆ ಮುಚ್ಚಿತ್ತು. ಲಾರಿಯ ಚಕ್ರ ಕೆಸರಿನಲ್ಲಿ ಹೂತಿತು. ನಮ್ಮವರೂ ತನಿಯನೂ ಇಳಿದು ಸೊಪ್ಪು, ಕಲ್ಲು ತುಂಬತೊಡಗಿದರು. ಆಗ ಎಲ್ಸಮ್ಮ ಹಿಂದಕ್ಕೆ ಬಂದು ಟಾರ್ಪಾಲು ಎತ್ತಿ ಒಳಗೆ ಹತ್ತಿದಳು. ತಲೆಯಿಂದ ಕಾಲಿನವರೆಗೆ ನೀರು ಸುರಿಯುತ್ತಿತ್ತು. ನಾನು ಕುಂಞಮ್ಮನ ತೊಡೆಗೆ ಮುಖ ಒತ್ತಿಕೊಂಡೆ. ಎಲ್ಸಮ್ಮ ನನ್ನ ಕೈ ಹಿಡಿದಳು. ಕೊಸರಿದೆ. ಬಿಡಲಿಲ್ಲ. ಕಲ್ಲು ಕೆತ್ತಿ ಕೆತ್ತಿ ಒರಟಾದ ಅಂಗೈ. ಅದು ನನಗೆ ಮರೆಯುವುದಿಲ್ಲ.

"ಆ ತೂತು ಯಾಕೆ?" ಎಂದು ಕೇಳಿದೆ. ನೋವಿನ ನಡುವೆ ಅದೇ ಮಾತು ಬಂತು. "ನನ್ನ ಹೊಟ್ಟೆಗೆ ತೂತು ಯಾಕೆ ಮಾಡಿದೆ?"

ಅವಳಿಗೆ ಮೊದಲು ತಿಳಿಯಲಿಲ್ಲ. ತಿಳಿದಾಗ ಮುಖ ಬಿಳಿಚಿಕೊಂಡಿತು. ಅಷ್ಟು ದಿನ ನಾನು ಯಾಕೆ ಬಾಗಿಲು ತೆರೆದಿರಲಿಲ್ಲ ಎನ್ನುವುದು ಆಗಲೇ ಅವಳಿಗೆ ಗೊತ್ತಾದದ್ದು. ಕನ್ನಡ ಹುಡುಕಿದಳು, ಸಿಗಲಿಲ್ಲ. "ಕೋಣೆ" ಎಂದಳು. "ತೂತು ಅಲ್ಲ. ಮಗು, ಕೋಣೆ." ಇನ್ನೇನೋ ತನ್ನ ಭಾಷೆಯಲ್ಲಿ ಹೇಳುತ್ತ ಹೋದಳು. ಅಷ್ಟರಲ್ಲಿ ಹೊರಗೆ ತನಿಯ ಲಾರಿಯ ಪಕ್ಕೆ ಬಡಿದ. ಅವಳು ಇಳಿದು ಹೋದಳು.

ಆಸ್ಪತ್ರೆಯಲ್ಲಿ ಲೇಡಿ ಡಾಕ್ಟರ್ ಇದ್ದರು. ಕುಯ್ದು ತೆಗೆದರು. ಹೆಣ್ಣು ಮಗು. ನನಗೆ ಎಚ್ಚರವಾದಾಗ ಸಂಜೆಯಾಗುತ್ತಿತ್ತು, ಪಕ್ಕದಲ್ಲಿ ಬಟ್ಟೆಯಲ್ಲಿ ಸುತ್ತಿದ ಮಗು ಕೆಂಪಗೆ ಮುಷ್ಟಿ ಹಿಡಿದು ಅಳುತ್ತಿತ್ತು. ಬಾಗಿಲಲ್ಲಿ ಎಲ್ಸಮ್ಮ ನಿಂತಿದ್ದಳು, ಅವಳ ಹಿಂದೆ ಒಬ್ಬ ಕಾನ್‌ಸ್ಟೆಬಲ್. ಒಳಗೆ ಬಿಡಲಿಲ್ಲವೋ ಅವಳೇ ಬರಲಿಲ್ಲವೋ. ಮಗುವಿನ ಕಡೆ ನೋಡಿದಳು, ನನ್ನ ಕಡೆ ನೋಡಿದಳು. "ಚೆನ್ನಾಗಿ" ಎಂದಳು. ನಾನು ಹೇಳಬೇಕಾದ್ದನ್ನು ಹೇಳುವಷ್ಟರಲ್ಲಿ ಕಾನ್‌ಸ್ಟೆಬಲ್ ಏನೋ ಅಂದ, ಅವರಿಬ್ಬರೂ ಹೋದರು.

ಗೇಟು ದಾಟಿದ್ದು ಒಂದು ತಪ್ಪು, ಅದರ ಮೇಲೆ ನನ್ನ ಹೇಳಿಕೆ. ದೊರೆ ಮೈಸೂರಿನಿಂದ ಬಂದು ಎಷ್ಟು ಓಡಾಡಿದರೂ ಬಿಡಲಿಲ್ಲ. ದೂರದ ಯಾವುದೋ ಊರಿನ ಕ್ಯಾಂಪಿಗೆ ಕಳಿಸಿದರಂತೆ. ಒಂದು ಕಾಗದ ದೊರೆಗೆ ಬಂತು, ಬದುಕಿದ್ದಾಳೆ ಎಂದು ನಮ್ಮವರು ಹೇಳಿದರು. ಅದರಾಚೆಗೆ ನನಗೇನೂ ತಿಳಿಯದು.

ನಾನು ಮಗುವನ್ನೆತ್ತಿಕೊಂಡು ವಾಪಸು ಬಂದ ಮೇಲೆ ಬೊಂಬೆ ಒಡೆಯುವ ಮಾತು ತಾನಾಗಿ ನಿಂತಿತು. ಹೆಂಗಸರು ಮತ್ತೆ ಬಾಣೆಯ ದಾರಿ ಹಿಡಿದರು. ಲಚ್ಚಿ ಮೂರು ಬೆರಳಿನಲ್ಲೇ ಹಣ್ಣು ಕಿತ್ತಳು. ನಾನು ಮಾತ್ರ ಮೇಲೆ ಹೋಗಲಿಲ್ಲ. ನನ್ನನ್ನು ತಡೆದದ್ದು ಈಗ ಆ ಕಲ್ಲಲ್ಲ, ನನ್ನ ಸಹಿ. ಮಗು ನಿದ್ದೆಯಲ್ಲಿ ನಕ್ಕರೂ ನನಗೆ ಅಳು ಬರುತ್ತಿತ್ತು.

ಮರುವರ್ಷ ಬೇಸಿಗೆಯಲ್ಲಿ ದೊರೆ ಎಸ್ಟೇಟು ಮಾರಿದರು. ಬಂಗಲೆಯ ಚಿತ್ರಗಳು ಮತ್ತೆ ಪೆಟ್ಟಿಗೆ ಸೇರಿ ಹಡಗಿಗೆ ಹೋದವು. ಹೊಸಬರಿಗೆ ಬಾಣೆಯಲ್ಲಿ ಕಾಫಿ ಹಾಕಬೇಕಿತ್ತು. ಒಂದು ಆನೆ ತರಿಸಿ, ಸರಪಳಿ ಕಟ್ಟಿ, ಬೊಂಬೆಗಳನ್ನು ಒಂದೊಂದಾಗಿ ಹೊಳೆಯ ಬದಿಗೆ ಎಳೆಸಿದರು. ಅವತ್ತು ನಾನು ಮಗುವನ್ನು ಎತ್ತಿಕೊಂಡು, ಕಿಟಕಿಯ ಗೋಣಿ ಸರಿಸಿ ನಿಂತು ನೋಡಿದೆ. ಬೀರಜ್ಜನ ತಲೆ ಉರುಳಿತು, ಲಚ್ಚಿಯ ಕೈ ಉರುಳಿತು. ನನ್ನ ಕಲ್ಲಿಗೆ ಸರಪಳಿ ಕಟ್ಟಲು ಮಾವುತ ಜಾಗ ಹುಡುಕಿ, ಕೊನೆಗೆ ಆ ತೂತಿನೊಳಗಿಂದಲೇ ತೂರಿಸಿ ಬಿಗಿದ. ಆನೆ ಎಳೆಯಿತು. ನೆಲದ ಮೇಲೆ ಕೂತು ಅತ್ತೆ.

ನಮ್ಮವರು ಒಳಗೆ ಬಂದು ಮಗುವನ್ನು ನನ್ನ ಕೈಯಿಂದ ತೆಗೆದುಕೊಂಡರು. ಆಗ ಎಲ್ಲ ಹೇಳಿಬಿಟ್ಟೆ. ಇನ್ಸ್‌ಪೆಕ್ಟರರು ಬಂದದ್ದು, ನಾನು ನೋಡದ್ದನ್ನು ನೋಡಿದೆ ಎಂದದ್ದು, ಸಹಿ.

ಅವರು ಮಗುವನ್ನು ಚಾಪೆಯ ಮೇಲೆ ಮಲಗಿಸಿದರು. ಆಮೇಲೆ ನಮ್ಮ ಮನೆಮಾತಾದ ಅರೆಭಾಷೆಯಲ್ಲಿ, "ನಂಗೆ ಗೊತ್ತುಟ್ಟು" ಎಂದರು. ನನಗೆ ಗೊತ್ತಿದೆ ಎಂದು.

"ಮಾರನೇ ದಿನವೇ ಗೊತ್ತಾಯ್ತು. ನೀನು ಸಹಿ ಹಾಕಿದ ಕಾಗದವನ್ನ ಇಂಗ್ಲಿಷ್ ಮಾಡಿ ಎಲ್ಸಮ್ಮಂಗೆ ಓದಿ ಹೇಳು ಅಂತ ಇನ್ಸ್‌ಪೆಕ್ಟರು ನನ್ನನ್ನೇ ಬಂಗಲೆಗೆ ಕರೆಸಿದ್ರು. ಪೂರ್ತಿ ಓದಿದೆ. ಕೆಳಗೆ ಯಾರ ಹೆಸರು ಅಂತ ಕೇಳಿದ್ಲು. ಓದಿದೆ."

ನಾನು ಅವರ ಮುಖ ನೋಡಿದೆ. ಹಾಗಾದರೆ ಲಾರಿ ಹತ್ತುವ ಮೊದಲೇ ಅವಳಿಗೆ ತಿಳಿದಿತ್ತು. ಗೇಟಿನ ಹತ್ತಿರ ನಿಂತಾಗ ತಿಳಿದಿತ್ತು. ನನ್ನ ಕೈ ಹಿಡಿದಾಗ ತಿಳಿದಿತ್ತು.

"ಏನಂದ್ಲು?" ಎಂದು ಕೇಳಿದೆ.

"ಒಂದೇ ಮಾತು ಕೇಳಿದ್ಲು. ದೇವಕಿಗೆ ಈಗ ಎಷ್ಟು ತಿಂಗಳು ಅಂತ. ಒಂಬತ್ತು ತುಂಬಿತು ಅಂದೆ."